ಕಡಿಯೋಕೂ ಕಾಪಾಡೋಕೂ ಒಂದೇ ಕತ್ತಿ ಸಾಕಾ?

ಪ್ರಶ್ನೆ: ನಾವು ಬೆಂಗಳೂರಿನಲ್ಲಿ ಕೆಲಸ ಮಾಡುವವರು. ಕೊಪ್ಪದ ಹತ್ತಿರ ಮೂರು ಎಕರೆ ಹಳೇ ಕಾಫಿ-ಅಡಿಕೆ ತೋಟ ತೊಗೊಂಡಿದ್ದೇವೆ. ತಿಂಗಳಿಗೆ ಎರಡು ವಾರಾಂತ್ಯ ಅಲ್ಲೇ ಇರುತ್ತೇವೆ. ಪೊದೆ ಸವರೋಕೆ, ಸೌದೆ ಕಡಿಯೋಕೆ ಮಡಚಲು ಬಾರದ ಒಂದು ದೊಡ್ಡ ಕತ್ತಿ ಬೇಕು. ನಮ್ಮದು ಒಂಟಿ ಮನೆ. ರಾತ್ರಿ ಕಳ್ಳರೋ ಪ್ರಾಣಿಯೋ ಬಂದರೆ ಅದೇ ಕತ್ತಿ ಕೈಗಿರಲಿ, ಓಡಾಡುವಾಗ ಕಾರಿನಲ್ಲೂ ಇರಲಿ ಅಂತ ಯೋಚನೆ. ಆನ್‌ಲೈನ್‌ನಲ್ಲಿ 12 ಇಂಚಿನ ಬೋವಿ ಚಾಕು, ನೇಪಾಳದ ಖುಕ್ರಿ, ಬೆನ್ನ ಮೇಲೆ ಗರಗಸದ ಹಲ್ಲಿರುವ ಸರ್ವೈವಲ್ ನೈಫ್ ನೋಡಿಟ್ಟಿದ್ದೇನೆ. ಬಜೆಟ್ ಐದು ಸಾವಿರ. ಯಾವುದು ತೊಗೊಳ್ಳಲಿ?

ಉತ್ತರ: ಮೂರೂ ಬೇಡ. ನಿಮ್ಮ ಬಜೆಟ್‌ನ ಕಾಲು ಭಾಗದಲ್ಲಿ ಕೊಪ್ಪದ ಸುತ್ತಮುತ್ತ ಕುಲುಮೆ ಇಟ್ಟಿರುವ ಆಚಾರ್ರ ಹತ್ತಿರ ಒಂದು ತೋಟದ ಕತ್ತಿ ಮಾಡಿಸಿ. ಉಳಿದ ದುಡ್ಡನ್ನು ಇನ್ನೊಂದು ಕತ್ತಿಗೆ ಹಾಕಬೇಡಿ. ಎಲ್ಲಿ ಹಾಕಬೇಕು ಅಂತ ಆಮೇಲೆ ಹೇಳುತ್ತೇನೆ.

ನಾನು 22 ವರ್ಷ ಪೀಣ್ಯದಲ್ಲಿ ಹೀಟ್ ಟ್ರೀಟ್‌ಮೆಂಟ್, ಅಂದರೆ ಕಬ್ಬಿಣವನ್ನು ಕಾಯಿಸಿ ತಣಿಸಿ ಹದ ಮಾಡುವ, ಕುಲುಮೆಯ ಮುಂದೆ ನಿಂತವನು. ಈಗ ಒಂಬತ್ತು ವರ್ಷದಿಂದ ತೀರ್ಥಹಳ್ಳಿ ಕಡೆ ತೋಟ ಮಾಡಿಕೊಂಡಿದ್ದೇನೆ. ಕಬ್ಬಿಣಕ್ಕೆ ಹದ ಕೊಟ್ಟೂ ಗೊತ್ತು, ಆ ಕಬ್ಬಿಣ ಹಿಡಿದು ಬೆನ್ನು ನೋಯಿಸಿಕೊಂಡೂ ಗೊತ್ತು.

ಮೊದಲು ಆ ಗರಗಸದ ಹಲ್ಲಿನ ಚಾಕುವಿನ ಕಥೆ. ತೋಟಕ್ಕೆ ಬಂದ ಹೊಸದರಲ್ಲಿ ನಾನೂ ಅಂಥದ್ದೇ ಒಂದನ್ನು ತರಿಸಿದ್ದೆ. ಕಬ್ಬಿಣದ ಜೊತೆಗೇ ಬದುಕಿದವನು ಮೋಸ ಹೋದೆ ಅಂದಮೇಲೆ ನಿಮ್ಮದೇನೂ ತಪ್ಪಿಲ್ಲ ಬಿಡಿ. ಅದರ ಹಿಡಿ ಟೊಳ್ಳು. ಒಳಗೆ ಬೆಂಕಿಕಡ್ಡಿ, ಗಾಳ, ದಾರ. ಮುಚ್ಚಳದಲ್ಲಿ ದಿಕ್ಸೂಚಿ. ಹಲಸಿನ ಮರದ ಮಣಿಕಟ್ಟು ದಪ್ಪದ ಒಂದು ಕೊಂಬೆ ಕಡಿಯುತ್ತಿದ್ದೆ. ನಾಲ್ಕನೇ ಏಟಿಗೆ ಕೈ ಇದ್ದಕ್ಕಿದ್ದಂತೆ ಹಗುರಾಯಿತು. ನೋಡಿದರೆ ಕೈಯಲ್ಲಿ ಬರೀ ಹಿಡಿ. ಅಲಗು ನನ್ನ ಭುಜದ ಪಕ್ಕದಲ್ಲೇ ಹಾರಿ ಹಿಂದಿನ ಬಸಿಗಾಲುವೆಗೆ ಬಿದ್ದಿತ್ತು. ನನ್ನ ಹೆಂಡತಿ ಐದು ನಿಮಿಷದ ಮುಂಚೆ ಅಲ್ಲೇ ನಿಂತು ಕಾಫಿ ಕೊಟ್ಟು ಹೋಗಿದ್ದಳು. ಕೆಸರಿನಿಂದ ಎತ್ತಿ ನೋಡಿದೆ. ಹಿಡಿಯೊಳಗೆ ಪೂರ್ತಿ ಇಳಿಯಬೇಕಾದ ಅಲಗಿನ ಬಾಲ ಎರಡು ಬೆರಳಷ್ಟೂ ಇರಲಿಲ್ಲ. ಒಂದು ನಟ್ಟು ಹಾಕಿ ಬಿಗಿದಿದ್ದರು, ಅಷ್ಟೇ. ಬೆನ್ನಿನ ಹಲ್ಲುಗಳಲ್ಲಿ ಒಂದು ಕಡ್ಡಿ ಕೂಡ ನೆಟ್ಟಗೆ ಕೊಯ್ಯಲು ಆಗುತ್ತಿರಲಿಲ್ಲ. ಮೇಲಾಗಿ ಒಂದೊಂದು ಹಲ್ಲಿನ ಬುಡವೂ ಬಿರುಕು ಶುರುವಾಗೋಕೆ ಒಂದೊಂದು ಜಾಗ.

ಆದ್ದರಿಂದ ಮೊದಲ ಮಾತು: ಕಡಿಯುವ ಕತ್ತಿ ಮುರಿಯುವುದು ಜಾಸ್ತಿ ಹಿಡಿ ಮತ್ತು ಅಲಗು ಸೇರುವ ಕಡೆ. ಅಲ್ಲಿ ಬಾಲ ಸಣ್ಣಗಿದ್ದರೆ, ಅಥವಾ ಅಲಗಿನಿಂದ ಬಾಲಕ್ಕೆ ತಿರುಗುವ ಮೂಲೆ ಚೌಕವಾಗಿ, ಚೂಪಾಗಿ ಇದ್ದರೆ ಮುಟ್ಟಲೇಬೇಡಿ. ಆ ಮೂಲೆ ದುಂಡಗಿರಬೇಕು. ಬಾಲ ಹಿಡಿಯ ತುದಿಯಿಂದ ಆಚೆ ಬಂದು ಬಡಿದು ಮಡಚಿರಬೇಕು. ಇಲ್ಲವೇ ಹಿಡಿಯ ಅಗಲಕ್ಕೂ ಕಬ್ಬಿಣವೇ ಇದ್ದು, ಎರಡು ಕಡೆ ಮರದ ಹಲಗೆ ಇಟ್ಟು ರಿವೆಟ್ ಹೊಡೆದಿರಬೇಕು.

ಈಗ ನಿಮ್ಮ ಪ್ರಶ್ನೆಯಲ್ಲೇ ಇರುವ ತೊಡಕಿಗೆ ಬರೋಣ. ಕಡಿಯೋ ಕೆಲಸ, ಕಾಪಾಡೋ ಕೆಲಸ ಎರಡೂ ಒಂದೇ ಅಲಗಿನಿಂದ ಆಗಲಿ ಅಂತ ಕೇಳಿದ್ದೀರಿ. ಆದರೆ ಇವೆರಡೂ ಅಲಗನ್ನು ಬೇರೆ ಬೇರೆ ದಿಕ್ಕಿಗೆ ಎಳೆಯುತ್ತವೆ. ಕಡಿಯೋ ಕತ್ತಿಗೆ ತೂಕ ಮುಂದಿರಬೇಕು, ಬೀಸಿದಾಗ ಅದೇ ಮುಂದೆ ಹೋಗಿ ಬೀಳಬೇಕು. ಹೊಡೆದಾಟಕ್ಕೆ ಅಂತ ಮಾಡಿದ ಚಾಕುವಿನ ತೂಕ ಹಿಡಿಯ ಹತ್ತಿರ ಇರುತ್ತದೆ, ತುದಿ ಸಣ್ಣಗೆ ಮೊನಚಾಗಿರುತ್ತದೆ. ಆ ಸಣ್ಣ ಮೊನೆ ಕಾಫಿ ಗಿಡದ ಬುಡದಲ್ಲಿ ಒಂದು ಕಲ್ಲಿಗೆ ತಾಗಿದರೆ ಮುಗೀತು.

ಬೋವಿ ಚಾಕುವನ್ನೇ ನೋಡಿ. ಅಮೆರಿಕದ ಜೇಮ್ಸ್ ಬೋವಿ ಅನ್ನುವವನ ಹೆಸರಿನದು ಅದು. 1827ರಲ್ಲಿ ಮಿಸಿಸಿಪಿ ನದಿಯ ಒಂದು ಮರಳದಿಬ್ಬದ ಮೇಲೆ ನಡೆದ ಜಗಳದಲ್ಲಿ ಗುಂಡೇಟು ತಿಂದೂ ಅವನು ದೊಡ್ಡ ಚಾಕು ಹಿಡಿದು ಉಳಿದುಕೊಂಡ, ಚಾಕು ಪ್ರಸಿದ್ಧವಾಯಿತು. ಆ ಕಾಲದ ಪಿಸ್ತೂಲಿಗೆ ಸಾಮಾನ್ಯವಾಗಿ ಒಂದೇ ಗುಂಡು. ಅದು ಗುರಿ ತಪ್ಪಿದರೆ ಸೊಂಟದ ಚಾಕುವೇ ಗತಿ. 1836ರಲ್ಲಿ ಬೋವಿ ಟೆಕ್ಸಾಸ್‌ನ ಅಲಮೋ ಕೋಟೆಯ ಯುದ್ಧದಲ್ಲಿ ಸತ್ತ. ಅದೇ ವರ್ಷ ಒಂದರ ಹಿಂದೆ ಒಂದು ಗುಂಡು ಹಾರಿಸುವ ಕೋಲ್ಟ್ ರಿವಾಲ್ವರ್‌ಗೆ ಪೇಟೆಂಟ್ ಸಿಕ್ಕಿತು. ಆಮೇಲೆ ಮೆಲ್ಲಗೆ ಆ ಚಾಕುವಿನ ಕೆಲಸವೂ ಕಡಿಮೆಯಾಯಿತು. ಹತ್ತೊಂಬತ್ತನೇ ಶತಮಾನದ ಅಮೆರಿಕದ ಜಗಳಗಳಿಗೆ ಅಂತ ಹುಟ್ಟಿದ ಆಕಾರವನ್ನು ತಂದು ನಿಮ್ಮ ತೋಟದ ಕಮ್ಯುನಿಸ್ಟ್ ಗಿಡ ಅನ್ನೋ ಕಳೆಪೊದೆ ಸವರೋಕೆ ಹೋದರೆ ಮಣಿಕಟ್ಟು ನೋಯುತ್ತದೆ, ಗಿಡ ನಗುತ್ತದೆ.

ಮೂರರಲ್ಲಿ ಮರ್ಯಾದೆಗೆ ತಕ್ಕದ್ದು ಖುಕ್ರಿ. ಅದರ ಬಗ್ಗೆ ನನಗೆ ಗೌರವ ಇದೆ. 1814ರಿಂದ 1816ರವರೆಗೆ ನಡೆದ ಗೂರ್ಖಾ ಯುದ್ಧದಲ್ಲಿ ಬ್ರಿಟಿಷರು ಅದರ ರುಚಿ ನೋಡಿದರು. ಆದರೆ ನೇಪಾಳದ ಬೆಟ್ಟದ ಮನೆಗಳಲ್ಲಿ ಅದು ದಿನಬಳಕೆಯ ವಸ್ತು. ಸೌದೆ ಸೀಳೋಕೂ ಅದೇ, ಮಾಂಸ ಕಡಿಯೋಕೂ ಅದೇ. ಒರೆಯ ಹಿಂದೆ ಎರಡು ಮರಿ ಇರುತ್ತವೆ: ಸಣ್ಣಪುಟ್ಟ ಕೆಲಸಕ್ಕೆ ಕರ್ದಾ, ಬಾಯಿ, ಅಂದರೆ ಅಲಗಿನ ಹರಿತದ ಅಂಚು, ಸರಿಮಾಡೋಕೆ ಚಕ್ಮಕ್. ಅಲ್ಲಿನ ಕಮ್ಮಾರರು ಹದ ಕೊಡುವ ರೀತಿ ನೋಡಬೇಕು. ಅಲಗನ್ನು ಕೆಂಪಗೆ ಕಾಯಿಸಿ, ಟೀ ಕೆಟಲ್‌ನಂಥ ಪಾತ್ರೆಯ ಮೂತಿಯಿಂದ ನೀರನ್ನು ಬಾಯಿಯ ಉದ್ದಕ್ಕೆ ಮಾತ್ರ ಸುರಿಯುತ್ತಾರೆ. ಏಟು ಬೀಳುವ ಹೊಟ್ಟೆಯ ಭಾಗ ಗಟ್ಟಿಯಾಗುತ್ತದೆ, ಬೆನ್ನು ಮೆತ್ತಗೇ ಉಳಿಯುತ್ತದೆ. ಹಾಗಾಗಿ ಬಾಯಿ ನಿಲ್ಲುತ್ತದೆ, ಅಲಗು ಮುರಿಯುವುದಿಲ್ಲ.

ಹಾಗಿದ್ದರೂ ನಿಮಗೆ ಬೇಡ ಅನ್ನುತ್ತೇನೆ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಬರುವ ಎಷ್ಟೋ ಖುಕ್ರಿಗಳು ಪ್ರವಾಸಿಗರಿಗೆ ಮಾಡಿದ ಗೋಡೆ ಅಲಂಕಾರ. ಇನ್ನೊಂದು, 10 ಇಂಚಿನ ಅಲಗು ಗಟ್ಟಿ ಮರಕ್ಕೆ ಚೆನ್ನ, ನೆಲಮಟ್ಟದ ಹಸಿ ಪೊದೆಗೆ ಗಿಡ್ಡ. ಬಗ್ಗಿ ಬಗ್ಗಿ ಸವರಬೇಕು. ಗಿಡ್ಡ, ಭಾರದ ಅಲಗು ಗುರಿ ತಪ್ಪಿದರೆ ನೇರ ಬರುವುದು ಎಡಗಾಲಿನ ಮೊಳಕಾಲ ಕೆಳಗಿನ ಮೂಳೆಗೆ. ಮೂರನೇ ಕಾರಣ ಕಾನೂನು, ಅದು ಮುಂದೆ ಬರುತ್ತದೆ.

ಎರಡೂ ಕೆಲಸ ಮಾಡಿದ ಕತ್ತಿ ನಮ್ಮಲ್ಲೇ ಒಂದಿದೆ ಅಂತ ಕೊಡಗಿನವರು ಯಾರಾದರೂ ಹೇಳಿಯೇ ಹೇಳುತ್ತಾರೆ. ಒಡಿಕತ್ತಿ. ಅಗಲವಾದ, ಬಾಗಿದ, ತೂಕವೆಲ್ಲ ಮುಂದಿರುವ ಅಲಗು. ಸೊಂಟದ ಹಿಂದೆ ತೋಡಂಗ್ ಅನ್ನುವ ಲೋಹದ ಕೊಂಡಿಗೆ ಸಿಕ್ಕಿಸಿಕೊಳ್ಳುತ್ತಿದ್ದರು, ಒರೆ ಇಲ್ಲದೆ. ಮುಂದೆ ಚೇಲೆ ಅನ್ನುವ ಸೊಂಟಪಟ್ಟಿಗೆ ಸಿಕ್ಕಿಸುವ ಪೀಚೆಕತ್ತಿ ಬೇರೆ, ಅದು ಸಣ್ಣದು, ಮೊನಚಾದದ್ದು. ನೋಡಿ, ಅವರೂ ಎರಡು ಕೆಲಸಕ್ಕೆ ಎರಡು ಅಲಗು ಇಟ್ಟುಕೊಂಡಿದ್ದರು! ಕೊಡವ ಮದುವೆಯಲ್ಲಿ ಬಾಳೆದಿಂಡು ಕಡಿಯುವ ಶಾಸ್ತ್ರ ನೀವು ನೋಡಿರಬಹುದು. ನೆಟ್ಟ ದಿಂಡನ್ನು ಒಂದೇ ಏಟಿಗೆ ಓರೆಯಾಗಿ ಇಳಿಸುತ್ತಾರೆ. ಬಾಳೆದಿಂಡು ಮೆತ್ತಗೆ, ಯಾರು ಬೇಕಾದರೂ ಕಡಿಯಬಹುದು ಅನ್ನಿಸುತ್ತದೆ. ಮಾಡಿ ನೋಡಿ. ಬಾಯಿ ಸ್ವಲ್ಪ ಮೊಂಡಾಗಿದ್ದರೆ, ಕೋನ ಸ್ವಲ್ಪ ತಪ್ಪಿದರೆ ಅಲಗು ಅರ್ಧದಲ್ಲೇ ನೀರು-ನಾರಿನಲ್ಲಿ ಸಿಕ್ಕಿಕೊಳ್ಳುತ್ತದೆ. ನಿಜವಾದ ಹಳೇ ಒಡಿಕತ್ತಿಗಳು ಮನೆತನದ ಆಸ್ತಿ, ಕೊಡವರ ಆಯುಧಪೂಜೆ ಹಬ್ಬವಾದ ಕೈಲ್ ಪೊಳ್ದ್ ದಿನ ಪೂಜೆಗೆ ಇಡುವಂಥವು. ಅಂಗಡಿಯಲ್ಲಿ ಸಿಗುವ ಹೊಸವು ಬಹುಮಟ್ಟಿಗೆ ಉಡುಗೊರೆ ಸಾಮಾನು. ಹದವೇ ಇರುವುದಿಲ್ಲ.

ಹಾಗಾದರೆ ಆಚಾರ್ರ ಹತ್ತಿರ ಏನಂತ ಹೇಳಿ ಮಾಡಿಸಬೇಕು? ಅಲಗು 11ರಿಂದ 12 ಇಂಚು. ಅಗಲ ಎರಡು ಇಂಚಿನ ಆಸುಪಾಸು, ಮುಂದಕ್ಕೆ ಹೋದಂತೆ ಸ್ವಲ್ಪ ಜಾಸ್ತಿ. ಬೆನ್ನಿನ ದಪ್ಪ ಹಿಡಿಯ ಹತ್ತಿರ 5 ಮಿಲಿಮೀಟರ್, ತುದಿಗೆ 3. ತುದಿಯಲ್ಲಿ ಒಂದು ಸಣ್ಣ ಕೊಕ್ಕು ಇರಲಿ. ಮಲೆನಾಡಿನ ಕತ್ತಿಗಳಿಗೆ ಕೊಕ್ಕು ಇರುವುದು ಅಂದಕ್ಕಲ್ಲ. ಬಳ್ಳಿಯನ್ನು ಎಳೆದುಕೊಂಡು ಕೊಯ್ಯೋಕೆ ಬೇಕು, ನೆಲಕ್ಕೆ ಬಡಿದಾಗ ಕೊಕ್ಕು ಮೊದಲು ತಾಗಿ ಬಾಯಿ ಉಳಿಯುತ್ತದೆ. ಒಟ್ಟು ತೂಕ 600-650 ಗ್ರಾಂ. ಒಂದು ಕಿಲೋ ಕತ್ತಿ ಹಿಡಿದು ಹತ್ತು ನಿಮಿಷ ಶೂರತನ ತೋರಿಸಬಹುದು, ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಸವರೋಕೆ ಆಗಲ್ಲ. ವಾರಪೂರ್ತಿ ಕೀಬೋರ್ಡ್ ಮೇಲೆ ಇರುವ ಕೈಗಳಿಗಂತೂ ಬೇಡವೇ ಬೇಡ.

ಕೈಗೆ ಬಂದಮೇಲೆ ಎರಡು ಪರೀಕ್ಷೆ ಮಾಡಿ. ಅಲಗಿನ ಬೆನ್ನನ್ನು ತೋರುಬೆರಳ ಮೇಲೆ ಅಡ್ಡ ಇಟ್ಟು ತೂಗಿ. ಹಿಡಿಯಿಂದ ಮೂರು-ನಾಲ್ಕು ಬೆರಳು ಮುಂದೆ ಸಮತೂಕ ಸಿಗಬೇಕು. ಹಿಡಿಯ ಬುಡದಲ್ಲೇ ಸಿಕ್ಕರೆ ಅದು ಹಿಡಿಭಾರದ ಕತ್ತಿ, ಕಡಿಯೋದು ನೀವೇ, ಅದಲ್ಲ. ಎರಡನೆಯದು ಇನ್ನೂ ಮಜಾ ಇದೆ. ಹಿಡಿಯನ್ನು ಸಡಿಲವಾಗಿ ಹಿಡಿದು ಅಲಗನ್ನು ಒಂದು ಮರದ ದಿಮ್ಮಿಗೆ ಮೆಲ್ಲಗೆ ಬಡಿಯುತ್ತ ಹೋಗಿ, ತುದಿಯಿಂದ ಶುರುಮಾಡಿ ಹಿಂದಕ್ಕೆ. ತುದಿಗೆ ಬಡಿದಾಗ ಅಂಗೈ ಜುಮ್ಮೆನ್ನುತ್ತದೆ. ಒಂದು ಜಾಗದಲ್ಲಿ ಆ ನಡುಕ ಪೂರ್ತಿ ನಿಲ್ಲುತ್ತದೆ, ಏಟು ಮರದೊಳಕ್ಕೆ ಹೋಗಿ ಕೂರುತ್ತದೆ. ನೀವು ಯಾವಾಗಲೂ ಕಡಿಯಬೇಕಾದ್ದು ಆ ಜಾಗದಿಂದ. ಬೇಕಾದರೆ ಬೆನ್ನ ಮೇಲೆ ಅರದಿಂದ (ಕಬ್ಬಿಣ ಉಜ್ಜುವ ಫೈಲ್) ಒಂದು ಗೆರೆ ಎಳೆದುಕೊಳ್ಳಿ. ನಾನು ಹಾಗೆ ಮಾಡಿದ್ದೇನೆ.

ಕಬ್ಬಿಣ ಯಾವುದು ಅಂತ ಜನ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. ಡಿ2, 1095, 5160 ಅಂತ ನಂಬರ್ ಹೇಳಿ ಜಗಳ ಆಡುತ್ತಾರೆ. ತೋಟದ ಕತ್ತಿಗೆ ಲಾರಿಯ ಸ್ಪ್ರಿಂಗ್ ಪ್ಲೇಟ್ ಸಾಕು, ಚೆನ್ನಾಗಿಯೇ ಸಾಕು. ಅದರಲ್ಲಿ ಶೇಕಡ ಅರ್ಧದಿಂದ 0.6ರಷ್ಟು ಕಾರ್ಬನ್ ಇರುತ್ತದೆ. ಬಡಿತ ತಡೆಯೋಕೆ ಅಂತಲೇ ಹುಟ್ಟಿದ ಉಕ್ಕು ಅದು. ನೇಪಾಳದವರೂ ಖುಕ್ರಿಗೆ ಬಳಸುವುದು ಅದನ್ನೇ. ಅಗ್ಗದ ಸ್ಟೇನ್‌ಲೆಸ್ ಅಲಗು ತುಕ್ಕು ಹಿಡಿಯಲ್ಲ ನಿಜ, ಆದರೆ ಒಣ ಕಾಫಿ ಕಾಂಡಕ್ಕೆ ನಾಲ್ಕು ಏಟು ಬಿದ್ದ ಕೂಡಲೇ ಬಾಯಿ ಮಡಚಿಕೊಳ್ಳುತ್ತದೆ. ಕಬ್ಬಿಣಕ್ಕಿಂತ ಹದ ಮುಖ್ಯ.

ನನ್ನ ಕತ್ತಿ ಮಾಡಿಕೊಟ್ಟ ಆಚಾರ್ರು ಹದ ಹಾಕುವುದನ್ನು ಸಂಜೆ ಮಬ್ಬಿಗೇ ಇಟ್ಟುಕೊಳ್ಳುತ್ತಾರೆ. ಬಿಸಿಲಿದ್ದರೆ ಕಬ್ಬಿಣದ ಕೆಂಪು ಸರಿಯಾಗಿ ಕಾಣಲ್ಲ. ಇದ್ದಿಲಿನಿಂದ ಅಲಗು ಆಚೆ ಬಂದಾಗ ಅದರ ಬಣ್ಣ ಮಾಗಿದ ಕಿತ್ತಳೆಗಿಂತ ಒಂದು ಚೂರು ಕೆಂಪು. ಬಾಯಿಯ ಕಡೆ ಎರಡು ಬೆರಳಗಲ ಮಾತ್ರ ನೀರಿಗೆ ಇಳಿಸಿದರು. ಚುಂಯ್ ಅಂತ ಸದ್ದು, ಹಬೆ. ಬೆನ್ನಿನ್ನೂ ಕೆಂಪಗೇ ಇತ್ತು. ತಕ್ಷಣ ಆಚೆ ತೆಗೆದು ಮುರಿದ ಇಟ್ಟಿಗೆಯಿಂದ ಬಾಯಿಯ ಪಕ್ಕ ಉಜ್ಜಿದರು, ಬೆಳ್ಳಗೆ ಹೊಳೆಯಿತು. ಆಮೇಲೆ ಸುಮ್ಮನೆ ನೋಡುತ್ತ ಕೂತರು. ಬೆನ್ನಲ್ಲಿ ಉಳಿದ ಕಾವು ಮೆಲ್ಲಗೆ ಬಾಯಿಯ ಕಡೆ ಇಳಿಯುತ್ತದೆ, ಅದರ ಜೊತೆ ಬಣ್ಣವೂ ಹರಿದು ಬರುತ್ತದೆ. ಮೊದಲು ಹುಲ್ಲಿನ ಹಳದಿ, ಆಮೇಲೆ ಜೇನಿನ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ. ಕಂದು ಹೋಗಿ ನೇರಳೆ ಇಣುಕುವಷ್ಟರಲ್ಲಿ ಅವರು ಅಲಗನ್ನು ಪೂರ್ತಿ ನೀರಿಗೆ ಹಾಕಿದರು. ಹಳದಿಯಲ್ಲೇ ನಿಲ್ಲಿಸಿದ್ದರೆ ಕಡಿಯುವಾಗ ಬಾಯಿ ಚೂರು ಏಳುತ್ತಿತ್ತು, ನೀಲಿಗೆ ಬಿಟ್ಟಿದ್ದರೆ ಬೇಗ ಮೊಂಡಾಗುತ್ತಿತ್ತು. ಕಂದು-ನೇರಳೆ ಅಂದರೆ ಸುಮಾರು 260ರಿಂದ 280 ಡಿಗ್ರಿ. ನಾವು ಪೀಣ್ಯದಲ್ಲಿ ಮೀಟರ್ ಇಟ್ಟು ಮಾಡುತ್ತಿದ್ದದ್ದೂ ಇದನ್ನೇ. ಕುತೂಹಲಕ್ಕೆ ಆ ಕತ್ತಿಯನ್ನು ನನ್ನ ಹಳೇ ಶಾಪ್‌ಗೆ ಒಯ್ದು ಗಟ್ಟಿತನ ಅಳೆಯುವ ರಾಕ್‌ವೆಲ್ ಮೆಷಿನ್‌ಗೆ ಕೊಟ್ಟೆ. ಬಾಯಿಯ ಹತ್ತಿರ 54, ಬೆನ್ನಲ್ಲಿ 38. ಅಲ್ಲಿನ ಹುಡುಗರು ಯಾವ ಕಂಪನಿದು ಸಾರ್ ಅಂತ ಕೇಳಿದರು.

ಒಂದು ಎಚ್ಚರಿಕೆ. ಲಾರಿ ಪ್ಲೇಟ್ ಮುರಿದದ್ದಕ್ಕೇ ಗುಜರಿಗೆ ಬಂದಿರುತ್ತದೆ. ಮುರಿದ ಪ್ಲೇಟಿನಲ್ಲಿ ಕಣ್ಣಿಗೆ ಕಾಣದ ಇನ್ನೂ ನಾಲ್ಕು ಬಿರುಕು ಇರಬಹುದು. ಮುರಿಯದ ಪ್ಲೇಟಿನ ತುಂಡು ಹಾಕಿ ಅಂತ ಕೇಳಿಕೊಳ್ಳಿ. ಹದ ಆದಮೇಲೆ ಅಲಗನ್ನು ದಾರದಲ್ಲಿ ನೇತುಹಾಕಿ ಬೆರಳಿನಿಂದ ತಟ್ಟಿದರೆ ಟಣ್ಣನೆ ಸದ್ದು ಎಳೆಯಬೇಕು. ಸೀಳು ಮಡಕೆಯಂತೆ ಸದ್ದು ಬಂದರೆ ಒಳಗೆ ಬಿರುಕಿದೆ. ಸಂತೆಯಲ್ಲಿ ಸಿದ್ಧ ಕತ್ತಿ ತೊಗೊಳ್ಳುವುದಾದರೆ ಜೇಬಿನಲ್ಲಿ ಒಂದು ಹೊಸ ಅರ ಇಟ್ಟುಕೊಂಡು ಹೋಗಿ, ಬಾಯಿಗೆ ಒಮ್ಮೆ ಎಳೆಯಿರಿ. ಬೆಲ್ಲದಂತೆ ಕಚ್ಚಿದರೆ ಹದ ಇಲ್ಲ, ಬರೀ ಮೆತ್ತನೆ ಕಬ್ಬಿಣ. ಗಾಜಿನ ಮೇಲೆ ಜಾರಿದಂತೆ ಜಾರಿದರೆ ಅತಿ ಗಟ್ಟಿ. ಜಾರುತ್ತ ಜಾರುತ್ತ ಸ್ವಲ್ಪ ಕಚ್ಚಬೇಕು. ಅಂಗಡಿಯವರು ಮುಖ ಗಂಟು ಹಾಕಿದರೆ ಹಾಕಲಿ.

ಹಿಡಿ ಬಗ್ಗೆ ಎರಡೇ ಮಾತು. ನುಣ್ಣಗೆ ವಾರ್ನಿಷ್ ಹೊಡೆದದ್ದು ಬೇಡ, ಜುಲೈ ಮಳೆಯಲ್ಲಿ ಅದು ಸಾಬೂನು. ಹಿಡಿಯ ಕೊನೆ ಸ್ವಲ್ಪ ಉಬ್ಬಿ ಕಿರುಬೆರಳಿಗೆ ತಡೆ ಕೊಡಬೇಕು. ಅರಗು ಹಾಕಿ ಕೂರಿಸಿದ ಹಿಡಿ ಸಡಿಲಾದರೆ ಕಾಯಿಸಿ ಮತ್ತೆ ಕೂರಿಸಬಹುದು, ಅದೊಂದು ಅನುಕೂಲ.

ಈ ಕತ್ತಿ ಮಣಿಕಟ್ಟು ದಪ್ಪದ ಕೊಂಬೆವರೆಗೆ ಸಾಕು. ಅದಕ್ಕಿಂತ ದಪ್ಪ ಇದ್ದರೆ ಮಡಚುವ ಕೈಗರಗಸ ಅಥವಾ ಕೊಡಲಿ. ಕತ್ತಿಯಲ್ಲಿ ದಿಮ್ಮಿ ಕಡಿಯುವುದು ಚಮಚದಲ್ಲಿ ಬಾವಿ ತೋಡಿದಂತೆ. ತೋಟದಲ್ಲಿ ಬರೀ ಹಸಿ ಪೊದೆ, ಜರಿಗಿಡ, ಕಳೆಯೇ ಜಾಸ್ತಿ ಇದ್ದರೆ ಎರಡು ಮಿಲಿಮೀಟರ್ ದಪ್ಪದ ಉದ್ದನೆಯ ಮಶೆಟಿ ಒಳ್ಳೆಯದು. ಬ್ರೆಜಿಲ್‌ನ ಟ್ರಮೊಂಟಿನಾದಂಥ ಕಂಪನಿಗಳು ಮಾಡುತ್ತವಲ್ಲ, ಆ ಬಗೆಯದು. ಹಗುರ, ವೇಗ. ಆದರೆ ಗಟ್ಟಿ ಮರಕ್ಕೆ ಬಡಿದರೆ ನಡುಗುತ್ತದೆ. ಎಡಗೈಯಲ್ಲಿ ಒಂದು ಕವಲು ಕೋಲು ಇರಲಿ. ಪೊದೆಯನ್ನು ಹಿಡಿಯೋದು ಕೋಲು, ಕೈಯಲ್ಲ. ನಮ್ಮ ಕಡೆ ಆಳುಗಳು ಕೋಲಿಲ್ಲದೆ ಪೊದೆಗೆ ಕೈ ಹಾಕಲ್ಲ. ಬೆರಳೂ ಉಳಿಯುತ್ತದೆ, ಒಳಗೆ ಹಾವಿದ್ದರೆ ಅದಕ್ಕೂ ಮೊದಲೇ ಗೊತ್ತಾಗುತ್ತದೆ. ಕಾಲಿಗೆ ಗಮ್‌ಬೂಟು.

ಈಗ ಕಾನೂನು. 1959ರ ಆಯುಧ ಕಾಯ್ದೆ ಬರೀ ಬಂದೂಕಿಗೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದರ ಕೆಳಗೆ ಬರುವ 2016ರ ನಿಯಮಗಳ ಪಟ್ಟಿಯಲ್ಲಿ ಹರಿತವಾದ ಆಯುಧಗಳೂ ಇವೆ. 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳು ಅದರಲ್ಲಿ ಬರುತ್ತವೆ. ಖುಕ್ರಿಯ ಹೆಸರನ್ನಂತೂ ಬಿಡಿಸಿಯೇ ಬರೆದಿದ್ದಾರೆ. ಮನೆಬಳಕೆಗೆ, ಕೃಷಿಗೆ, ವಿಜ್ಞಾನ ಅಥವಾ ಕೈಗಾರಿಕೆಗೆ ಅಂತ ಮಾಡಿದ ಅಲಗುಗಳಿಗೆ ವಿನಾಯಿತಿ ಇದೆ. ಇಂಥ ಆಯುಧಕ್ಕೆ ಯಾವ ಪ್ರದೇಶದಲ್ಲಿ ಲೈಸೆನ್ಸ್ ಬೇಕು ಅನ್ನೋದನ್ನು ಸರ್ಕಾರ ಅಧಿಸೂಚನೆ ಮಾಡಿ ಹೇಳುತ್ತದೆ. ನಿಮಗೆ ಮುಖ್ಯವಾದದ್ದು ಆ ವಿನಾಯಿತಿ. ಆಚಾರ್ರು ಮಾಡಿದ 12 ಇಂಚಿನ ತೋಟದ ಕತ್ತಿ ಕೃಷಿ ಸಾಮಾನು. 12 ಇಂಚಿನ ಬೋವಿಯನ್ನು ಕೃಷಿ ಸಾಮಾನು ಅಂತ ಯಾರಿಗೆ ನಂಬಿಸುತ್ತೀರಿ?

ಅದೇ ತೋಟದ ಕತ್ತಿಯೂ ಜಾಗ ಬದಲಾದರೆ ಹೆಸರು ಬದಲಾಯಿಸುತ್ತದೆ. ತೋಟದಲ್ಲಿ ಕತ್ತಿ, ಬೆಂಗಳೂರಿನಲ್ಲಿ ಡ್ರೈವರ್ ಸೀಟಿನ ಕೆಳಗೆ ಸಿಕ್ಕರೆ ಲಾಂಗು. ನಾಕಾಬಂದಿಯಲ್ಲಿ ನಿಂತ ಪೊಲೀಸಿನವರು ಕೇಳುವುದು ಒಂದೇ ಪ್ರಶ್ನೆ: ಇದು ಯಾಕೆ? ಆತ್ಮರಕ್ಷಣೆಗೆ ಅಂತ ನೀವು ಹೇಳಿದ ಕೂಡಲೇ ಅದು ಕೃಷಿ ಸಾಮಾನಲ್ಲ ಅಂತ ನೀವೇ ಒಪ್ಪಿಕೊಂಡ ಹಾಗಾಯಿತು. ಚುನಾವಣೆ ಟೈಮು, ನಿಷೇಧಾಜ್ಞೆ ಟೈಮು ಇನ್ನೂ ಕಷ್ಟ. ಆದ್ದರಿಂದ ಕತ್ತಿ ತೋಟದ ಮನೆಯಲ್ಲೇ ಇರಲಿ. ಹದಕ್ಕೋ ಸಾಣೆಗೋ ಒಯ್ಯಲೇಬೇಕಾದರೆ ಅಡಿಕೆ ಹಾಳೆಯಲ್ಲಿ ಸುತ್ತಿ, ಗೋಣಿಚೀಲದಲ್ಲಿ ಬೇರೆ ಸಾಮಾನಿನ ಜೊತೆ ಕಟ್ಟಿ, ಡಿಕ್ಕಿಯಲ್ಲಿ ಹಾಕಿ.

ಕೊಡಗಿನವರು ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುತ್ತಾರಲ್ಲ ಅಂತ ಕೇಳಬೇಡಿ. ಆ ವಿನಾಯಿತಿ ಕೊಡವರಿಗೆ ಮತ್ತು ಕೊಡಗಿನ ಹಳೇ ಜಮ್ಮಾ ಪದ್ಧತಿಯಲ್ಲಿ ಜಮೀನು ಇರುವವರಿಗೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು. ಕೊಪ್ಪದಲ್ಲಿ ಜಮೀನು ಕೊಂಡವರಿಗೆ ಅದು ಅನ್ವಯಿಸಲ್ಲ.

ಕಾನೂನು ನಿಮಗೆ ಆತ್ಮರಕ್ಷಣೆಯ ಹಕ್ಕು ಕೊಟ್ಟಿದೆ, ಇಲ್ಲ ಅನ್ನುತ್ತಿಲ್ಲ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂಗಳು ಅದರ ಬಗ್ಗೆಯೇ ಇವೆ. ಆದರೆ 37ನೇ ಕಲಂ ಹೇಳುವುದನ್ನೂ ಓದಿ: ಅಧಿಕಾರಿಗಳ ನೆರವು ಪಡೆಯಲು ಸಮಯ ಇದ್ದಾಗ ಆ ಹಕ್ಕಿಲ್ಲ, ರಕ್ಷಣೆಗೆ ಬೇಕಾದ್ದಕ್ಕಿಂತ ಜಾಸ್ತಿ ಹಾನಿ ಮಾಡುವ ಹಾಗಿಲ್ಲ. ಅಡಿಕೆ ಮೂಟೆ ಬಿಟ್ಟು ಓಡುತ್ತಿರುವವನ ಹಿಂದೆ ಕತ್ತಿ ಹಿಡಿದು ಓಡಿದರೆ ಕೇಸು ನಿಮ್ಮ ಮೇಲೆ. ಅಪಾಯಕಾರಿ ಆಯುಧದಿಂದ ಗಾಯ ಮಾಡುವುದಕ್ಕೆ 118ನೇ ಕಲಂ ಇದೆ. ಗಾಯ ಗಂಭೀರವಾದರೆ ಜೀವಾವಧಿವರೆಗೆ ಹೋಗಬಹುದು.

ಕಾನೂನು ಬದಿಗಿಡಿ, ಕೆಲಸದ ಮಾತು ಆಡೋಣ. ರಾತ್ರಿ ಎರಡು ಗಂಟೆಗೆ ಸದ್ದಾಗಿ ಎದ್ದಿದ್ದೀರಿ. ನಿದ್ದೆಗಣ್ಣು, ಎದೆ ಡವಡವ, ಕೈ ಬೆವರು. ಕರೆಂಟ್ ಬೇರೆ ಇಲ್ಲ. ಕತ್ತಿಗೆ ಕೆಲಸ ಬರಬೇಕಾದರೆ ಬಂದವನು ನಿಮಗೆ ಒಂದು ತೋಳಿನಷ್ಟು ಹತ್ತಿರ ಬರಬೇಕು. ಅಷ್ಟು ಹತ್ತಿರ ಬರೋಕೆ ಬಿಟ್ಟಿರಿ ಅಂದರೆ ಮಿಕ್ಕಿದ್ದೆಲ್ಲ ಆಗಲೇ ಕೈ ತಪ್ಪಿದೆ. ಅವನ ಕೈಗೆ ಅದು ಹೋಗಬಹುದು, ಕತ್ತಲೆಯಲ್ಲಿ ನಿಮ್ಮ ಮನೆಯವರಿಗೇ ತಾಗಬಹುದು. ಅಡಿಕೆ, ಮೆಣಸು ಒಣಗಿಸುವ ಸೀಸನ್ನಿನಲ್ಲಿ ಕದಿಯೋಕೆ ಬರುವವರು ಒಬ್ಬೊಬ್ಬರೇ ಬರಲ್ಲ, ಗಾಡಿ ತಂದಿರುತ್ತಾರೆ. ಅವರಿಗೆ ಬೇಕಾದ್ದು ಅಂಗಳದ ಮೂಟೆ, ನೀವಲ್ಲ. ಒಳಗೆ ಚಿಲಕ ಹಾಕಿಕೊಂಡು, ಹೊರಗಿನ ದೀಪ ಹಾಕಿ, 112ಕ್ಕೆ ಮತ್ತು ಪಕ್ಕದ ತೋಟದವರಿಗೆ ಫೋನ್ ಮಾಡುವುದು ಹೇಡಿತನ ಅಲ್ಲ.

ಪ್ರಾಣಿಗಳ ವಿಷಯ ಇನ್ನೂ ಸರಳ. ಆನೆಗೆ ಕತ್ತಿ ತೋರಿಸುವುದು ಅಂದರೆ ತಮಾಷೆ. ಕಾಟಿ (ಕಾಡುಕೋಣ) ಬಂದರೂ ಅಷ್ಟೇ. ಗಾಯಗೊಂಡ ಹಂದಿ ಗಾಯ ಇಲ್ಲದ ಹಂದಿಗಿಂತ ಹತ್ತು ಪಾಲು ಕೆಟ್ಟದ್ದು. ಪ್ರಾಣ ಉಳಿಸಿಕೊಳ್ಳೋಕೆ ಒಳ್ಳೆಯ ಉದ್ದೇಶದಿಂದ ಕಾಡುಪ್ರಾಣಿಯನ್ನು ಗಾಯಗೊಳಿಸಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಪರಾಧ ಅನ್ನುವುದಿಲ್ಲ, ನಿಜ. ಆದರೆ ಆ ಹಂತಕ್ಕೆ ಹೋಗದೆ ಇರೋದೇ ಜಾಣತನ. ಕತ್ತಲಾದ ಮೇಲೆ ಮೊಬೈಲ್ ಬೆಳಕಿನಲ್ಲಿ ತೋಟಕ್ಕೆ ಇಳಿಯಬೇಡಿ. ಇಳಿಯಲೇಬೇಕಾದರೆ ಇಬ್ಬರು ಹೋಗಿ, ಮಾತಾಡುತ್ತ ಹೋಗಿ. ಸದ್ದು ಕೇಳಿದರೆ ಹೆಚ್ಚಿನ ಪ್ರಾಣಿಗಳು ತಾವೇ ದಾರಿ ಬಿಡುತ್ತವೆ. ಆನೆ ಮಾತ್ರ ಹಾಗಲ್ಲ. ಊರಿನಲ್ಲಿ ಆನೆ ಸುದ್ದಿ ಇದ್ದ ದಿನ ಮನೆ ಬಿಟ್ಟು ಹೊರಗೆ ಬರಲೇಬೇಡಿ.

ಉಳಿದ ಮೂರೂಮುಕ್ಕಾಲು ಸಾವಿರದ ಲೆಕ್ಕಕ್ಕೆ ಬರೋಣ. ದೂರಕ್ಕೆ ಬೆಳಕು ಬಿಡುವ ಒಂದು ಗಟ್ಟಿ ಟಾರ್ಚ್. ಅಂಗಳದ ಎರಡು ಮೂಲೆಗೆ ಯಾರಾದರೂ ಓಡಾಡಿದರೆ ತಾನೇ ಹತ್ತಿಕೊಳ್ಳುವ ಸೋಲಾರ್ ದೀಪ. ಹಿಂದಿನ ಬಾಗಿಲಿಗೆ ಒಳಗಿನಿಂದ ಅಡ್ಡಪಟ್ಟಿ. ಹಳೇ ತೋಟದ ಮನೆಗಳ ಹಿಂಬಾಗಿಲು ಸಾಮಾನ್ಯವಾಗಿ ಒಂದು ಒದೆತಕ್ಕೇ ಬೀಳುವಂಥದ್ದು. ಪೆಪ್ಪರ್ ಸ್ಪ್ರೇ ಬೇಕಾದರೆ ಒಂದು ಇಟ್ಟುಕೊಳ್ಳಿ, ಗಾಳಿ ಎದುರಿಗಿದ್ದರೆ ಅದು ನಮ್ಮ ಕಣ್ಣಿಗೇ ಬರುತ್ತದೆ ಅನ್ನೋದು ನೆನಪಿರಲಿ. ನಾಯಿ ಎಲ್ಲಕ್ಕಿಂತ ಒಳ್ಳೆಯದು. ಆದರೆ ತಿಂಗಳಿಗೆ ಎರಡು ವಾರಾಂತ್ಯ ಬರುವವರು ನಾಯಿ ಸಾಕಬಾರದು, ಪಾಪ. ಪಕ್ಕದವರ ನಾಯಿಗೆ ಬಂದಾಗಲೆಲ್ಲ ಎರಡು ಬಿಸ್ಕೆಟ್ ಹಾಕಿ, ಅದು ನಿಮ್ಮ ಅಂಗಳವನ್ನೂ ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ.

ಕತ್ತಿ ಮಸೆಯೋಕೆ ದುಬಾರಿ ಕಲ್ಲು ಬೇಡ. ಅರದಿಂದ ಬಾಯಿಯ ಆಕಾರ ತೆಗೆಯಿರಿ. ಎರಡೂ ಕಡೆ ಸೇರಿ 30 ಡಿಗ್ರಿಯಷ್ಟು ಇರಲಿ, ಚಪ್ಪಟೆಯಾಗಲ್ಲ, ಸ್ವಲ್ಪ ಉಬ್ಬಿದಂತೆ. ಆಮೇಲೆ ಮಲೆನಾಡು-ಕರಾವಳಿಯ ಹಳೇ ಉಪಾಯ: ಒಂದು ಮರದ ಹಲಗೆ ಮೇಲೆ ಬೆಣಚುಕಲ್ಲಿನ ಪುಡಿ ಉದುರಿಸಿ, ಅದರ ಮೇಲೆ ಅಲಗನ್ನು ಎರಡೂ ಮಗ್ಗುಲಿಗೆ ಉಜ್ಜುವುದು. ನಮ್ಮ ತೋಟದಲ್ಲಿ ಕೆಲಸಕ್ಕೆ ಬರುವವರು ಬೆಳಗ್ಗೆ ಬಂದ ಕೂಡಲೇ ಮಾಡುವ ಮೊದಲ ಕೆಲಸ ಇದು. ಕರ್‌ಕರ್ ಅನ್ನೋ ಆ ಸದ್ದು ಕೇಳಿದರೆ ಒಳಗೆ ಕಾಫಿಗೆ ನೀರಿಡುತ್ತಾರೆ. ಮಳೆಗಾಲದಲ್ಲಿ ಸಂಜೆ ಒರೆಸಿ ತೆಂಗಿನೆಣ್ಣೆ ಸವರಿಡಿ. ಮೇಲೆ ಕಪ್ಪು ಬಣ್ಣ ಬಂದರೆ ಬರಲಿ, ಕೆಂಪು ಬಂದರೆ ಉಜ್ಜಿ.

ಆಚಾರ್ರ ಹತ್ತಿರ ಏಪ್ರಿಲ್‌ನಲ್ಲೇ ಹೋಗಿ. ಮೇ ಕೊನೆಗೆ ಮಳೆ ಬರುತ್ತೆ ಅಂದಾಗ ಇಡೀ ಊರಿನ ಕತ್ತಿ, ಗುದ್ದಲಿ, ಹಾರೆ ಅವರ ಬಾಗಿಲಲ್ಲಿ ಬಂದು ಬಿದ್ದಿರುತ್ತವೆ. ಆಗ ಹೊಸಬರ ಕತ್ತಿಗೆ ಬಣ್ಣ ನೋಡುತ್ತ ಕೂರೋಕೆ ಅವರಿಗೆ ಪುರುಸೊತ್ತು ಇರಲ್ಲ.